ಹೆಂಚು, ಹಾಲು, ಗೂಡು, ಮಾವು: ನಮ್ಮ ಶಾಲೆಗೆ ಸೂರು ಬಂದ ಬಗೆ

ಚಂದಾ ಎತ್ತಲು ಹೊರಟವರಿಗೆ ಚಂದಾ ಸಿಕ್ಕೇ ಸಿಗುತ್ತದೆಂಬ ಖಾತ್ರಿ ಇಲ್ಲ. ಮನೆಗೆ ಬಂದು ಹೇಳಿಕೊಂಡು ನಗಲು ಏನಾದರೊಂದು ಮಾತ್ರ ಖಂಡಿತ ಸಿಗುತ್ತದೆ. ತೊಂಬತ್ತರ ದಶಕದ ಒಂದು ಬೇಸಿಗೆಯನ್ನು ಪೂರ್ತಿ ಇದರಲ್ಲೇ ಕಳೆದದ್ದರಿಂದ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ಆಗಷ್ಟೇ ಕೋಲಾರದಲ್ಲಿ ಬಿ.ಎಸ್ಸಿ. ಮುಗಿಸಿ, ತಾಯಲೂರಿನ ಆಚೆಯ ಒಂದು ಹಳ್ಳಿಯ ಪ್ರೌಢಶಾಲೆಗೆ ವಿಜ್ಞಾನದ ಟೀಚರಾಗಿ ಸೇರಿದ್ದೆ. ಸರ್ಕಾರದ ಶಾಲೆಯಲ್ಲ. ಊರಿನವರೇ ಸಮಿತಿ ಮಾಡಿಕೊಂಡು ನಡೆಸುತ್ತಿದ್ದದ್ದು. ಮಾರ್ಚ್ ತಿಂಗಳ ಒಂದು ಭಾನುವಾರ, ಗೆದ್ದಲು ತಿಂದಿದ್ದ ತೊಲೆ ಮುರಿದು ಸೂರು ಪೂರ್ತಿ ಕುಸಿಯಿತು. ರಜೆಯಾದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ನೋಡಲು ಬಂದ ಇನ್‌ಸ್ಪೆಕ್ಟರು, "ಜೂನ್ ತಿಂಗಳಲ್ಲಿ ಬಾಗಿಲು ತೆಗೆಯೋ ಹೊತ್ತಿಗೆ ಮೇಲೆ ಸೂರಿರಬೇಕು. ಇಲ್ದಿದ್ರೆ ತೆಗೆಯೋ ಹಾಗೇ ಇಲ್ಲ" ಎಂದು ಹೇಳಿ ಹೋದರು.

ಶಾಲೆ ಮುಚ್ಚಿದರೆ ಹುಡುಗರು ಬಸ್ಸು ಹಿಡಿದು ಮುಳಬಾಗಿಲಿಗೆ ಹೋಗುತ್ತಿದ್ದರು. ಹುಡುಗಿಯರನ್ನು ಅಷ್ಟು ದೂರ ಕಳಿಸುವುದಿಲ್ಲ ಎಂದು ಅಪ್ಪಂದಿರು ಆಗಲೇ ಹೇಳಿಬಿಟ್ಟಿದ್ದರು. ನನ್ನ ಒಂಬತ್ತನೇ ತರಗತಿಯಲ್ಲಿ ಹುಡುಗಿಯರೇ ಹೆಚ್ಚು. ಅವರೆಲ್ಲರ ಓದು ಆ ಮುರಿದ ತೊಲೆಯ ಜೊತೆಗೇ ಮುಗಿಯುವುದರಲ್ಲಿತ್ತು.

ಹೆಂಚು ಬೇಕಿತ್ತು, ಮರ ಬೇಕಿತ್ತು, ಬಡಗಿಗೆ ಕೂಲಿ ಬೇಕಿತ್ತು. ಕೇಳಲು ಮೂವರು ಹೊರಟೆವು. ಹೆಡ್‌ಮಾಸ್ಟರು ಮುಳಬಾಗಿಲಿನ ಹಳೆಯ ಮನೆತನದವರು; ಬಿಳಿ ಪಂಚೆ, ಸಣ್ಣ ದನಿ, ಸುಳ್ಳು ಹೇಳಲು ಬಾರದು. ಸಮಿತಿಯ ಅಧ್ಯಕ್ಷರು ರೈತರು. ದೊಡ್ಡ ಗಂಟಲು, ಸಂಕಟ ಬಂದರೆ ತೆಲುಗು. ಚೀಲ ಹಿಡಿಯಲು ನಾನು. ಸೂರು ಹಾಕಿಸಿಯೇ ಹಾಕಿಸುತ್ತೇವೆ ಎಂಬುದರಲ್ಲಿ ಮೂವರಿಗೂ ಅನುಮಾನವಿರಲಿಲ್ಲ. ಹೇಗೆ ಎಂಬುದೊಂದು ಗೊತ್ತಿರಲಿಲ್ಲ.

ಮಾಲೂರಿನ ಪರೀಕ್ಷೆ

ಮೊದಲು ಹೋದದ್ದು ಮಾಲೂರಿನ ಒಂದು ಹೆಂಚಿನ ಕಾರ್ಖಾನೆಗೆ. ಅದರ ಮಾಲೀಕರು ನಮ್ಮ ಹೆಡ್‌ಮಾಸ್ಟರ ಹಳೆಯ ಶಿಷ್ಯರು ಎಂದು ಅಧ್ಯಕ್ಷರು ಪತ್ತೆ ಮಾಡಿದ್ದರು. ಮಾಲೀಕರು ಎದ್ದು ಬಂದು ಕಾಲಿಗೆ ನಮಸ್ಕಾರ ಮಾಡಿದರು. ಕಾಫಿ ತರಿಸಿದರು. ಆಮೇಲೆ ಕೇಳಿದರು:

"ಮೇಷ್ಟ್ರೇ, ಜ್ಞಾಪಕ ಇದೆಯಾ? ಲೆಕ್ಕದಲ್ಲಿ ನನ್ನ ಫೇಲ್ ಮಾಡಿದ್ರಿ."

"ಇದೆಯಪ್ಪ. ಎರಡು ಸಲ" ಎಂದರು ಹೆಡ್‌ಮಾಸ್ಟರು.

ಅಧ್ಯಕ್ಷರು ಕಣ್ಣು ಮುಚ್ಚಿಕೊಂಡರು.

"ಅವತ್ತು ನಮ್ಮಪ್ಪನ ಕೈಲಿ ತಿಂದ ಏಟು ಇನ್ನೂ ಮರೆತಿಲ್ಲ. ಇವತ್ತು ಇನ್ನೊಂದು ಸಲ ಪರೀಕ್ಷೆ ಮಾಡಿ. ಪಾಸಾದ್ರೆ ನಿಮ್ಮ ಸೂರಿಗೆ ಎಷ್ಟು ಬೇಕೋ ಅಷ್ಟೂ ಹೆಂಚು ನಂದೇ."

ಅಧ್ಯಕ್ಷರು ನನ್ನ ಕಡೆ ಬಾಗಿ, "ಒಂದೂ ಒಂದು ಎಷ್ಟು ಅಂತ ಕೇಳೋಕೆ ಹೇಳಮ್ಮ ಅವರಿಗೆ" ಎಂದರು. ಅಷ್ಟರಲ್ಲಿ ಹೆಡ್‌ಮಾಸ್ಟರು ಪ್ರಶ್ನೆ ಕೇಳಿಯಾಗಿತ್ತು. ನಮ್ಮ ಶಾಲೆಯ ಉದ್ದ ಇಷ್ಟು, ಅಗಲ ಇಷ್ಟು, ಸೂರಿನ ಇಳಿಜಾರು ಇಷ್ಟು. ಹೆಂಚು ಎಷ್ಟು ಬೇಕು?

ಹೆಂಚಿನವರಿಗೆ ಹೆಂಚಿನ ಲೆಕ್ಕ. ನನಗೂ ಧೈರ್ಯ ಬಂತು. ಮಾಲೀಕರು ಮೇಲೆ ನೋಡಿ, ಬೆರಳು ಮಡಿಸಿ, ಉತ್ತರ ಹೇಳಿದರು. ಹೆಡ್‌ಮಾಸ್ಟರು ತಲೆಯಾಡಿಸಿದರು.

"ತಪ್ಪು. ಒಂದು ಕಡೆಯ ಇಳಿಜಾರಿಗೆ ಮಾತ್ರ ಹಾಕಿದೀಯ. ಇನ್ನೊಂದು ಕಡೆ ಮರೆತೆ. ಆಗಲೂ ಹೀಗೇ, ಪ್ರಶ್ನೆ ಪೂರ್ತಿ ಓದ್ತಿರಲಿಲ್ಲ."

"ಅಯ್ಯೋ ದೇವುಡಾ" ಎಂದರು ಅಧ್ಯಕ್ಷರು, ತೆಲುಗಿನಲ್ಲಿ.

ಮಾಲೀಕರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಮೇಸ್ತ್ರಿಯನ್ನು ಕರೆದು ಲಾರಿಗೆ ಹೆಂಚು ತುಂಬಿಸಲು ಹೇಳಿದರು. "ಒಂದು ಕಡೆ ಸರಿ ಬಂತಲ್ಲ ಮೇಷ್ಟ್ರೇ, ಆ ಕಡೆ ಹೆಂಚು ನಂದು. ಇನ್ನೊಂದು ಕಡೆಗೆ, ನೀವು ಪಾಸ್ ಮಾಡಿದವ್ರನ್ನ ಕೇಳಿ."

ಸೋಮವಾರದ ಹಾಲು

ಪಾಸಾದವರನ್ನೂ ಕೇಳಿದೆವು. ಅವರೆಲ್ಲ ಒಳ್ಳೆಯ ಮಾತನ್ನಷ್ಟೇ ಆಡಿದರು. ಹಾಗಾಗಿ ಊರಿಗೇ ವಾಪಸು ಬಂದೆವು.

ಊರಲ್ಲಿ ಹಾಲಿನ ಡೈರಿ ಇತ್ತು. ಸೋಮವಾರ ಸಂಜೆ ಪ್ರತಿ ಮನೆಯವರೂ ಹಾಕುವ ಹಾಲು ಶಾಲೆಯ ಲೆಕ್ಕಕ್ಕೆ ಎಂದು ಸಮಿತಿ ತೀರ್ಮಾನಿಸಿತು. ಊರೆಲ್ಲ ಒಪ್ಪಿತು. ಮೊದಲ ಸೋಮವಾರ ಕ್ಯಾನುಗಳು ತುಂಬಿ ತುಳುಕಿದವು. ಅಧ್ಯಕ್ಷರು ಮೀಸೆ ತಿರುವಿದರು. ಡೈರಿಯ ಕಾರ್ಯದರ್ಶಿ ಮಾತ್ರ ಹಾಲನ್ನು ನೋಡಿ, ನಮ್ಮನ್ನು ನೋಡಿ, "ಮೇಷ್ಟ್ರೇ, ಇದರ ತಳದಲ್ಲಿ ಕ್ಯಾನು ಕಾಣ್ತಾ ಇದೆ" ಎಂದರು.

ಇದಕ್ಕೆ ಬೈಗುಳ ಬೇಡ, ವಿಜ್ಞಾನ ಸಾಕು ಎಂದೆ. ಮುಂದಿನ ಸೋಮವಾರ ಒಂಬತ್ತನೇ ತರಗತಿಯವರಿಗೆ ಡೈರಿಯಲ್ಲೇ ಪ್ರಾಕ್ಟಿಕಲ್. ಹಾಲಿಗೆ ನೀರು ಬೆರೆತಿದೆಯೇ ಎಂದು ತೋರಿಸುವ ಲ್ಯಾಕ್ಟೋಮೀಟರನ್ನು ಪ್ರತಿ ಮನೆಯ ಹಾಲಿನಲ್ಲೂ ಇಳಿಬಿಟ್ಟು, ಬಂದ ಅಂಕಿಯನ್ನು ಮಕ್ಕಳು ಗಟ್ಟಿಯಾಗಿ ಓದುತ್ತಾರೆ ಎಂದು ಊರಿಗೆಲ್ಲ ತಿಳಿಸಿದೆ.

ಆ ಸೋಮವಾರ ಬಂದ ಹಾಲು ನಾನು ಆ ಊರಲ್ಲಿ ಕಂಡ ಅತಿ ಗಟ್ಟಿ ಹಾಲು. ಹುಡುಗಿಯರು ಅಂಕಿ ಕೂಗಿದ ಹಾಗೆಲ್ಲ ಕಾರ್ಯದರ್ಶಿಗಳ ಹುಬ್ಬು ಮೇಲೇರುತ್ತಿತ್ತು. ವಿಜ್ಞಾನಕ್ಕೆ ಜಯ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಎಲ್ಲರಿಗಿಂತ ಒಳ್ಳೆಯ ಅಂಕಿ ಒಬ್ಬ ಅಜ್ಜಿಯ ಹಾಲಿಗೆ ಬಂತು. ಅಧ್ಯಕ್ಷರು ಜನರ ಎದುರಿಗೇ, "ನೋಡಿ! ಶಾಲೆ ಮೇಲೆ ಈ ಅಜ್ಜಿಗಿರೋ ಅಭಿಮಾನ ನೋಡಿ ಕಲೀರಿ" ಎಂದರು.

ಅಜ್ಜಿ ಸೆರಗು ಸರಿಮಾಡಿಕೊಂಡು ಹೇಳಿತು: "ಅಭಿಮಾನ ಎಲ್ಲಿ ಬಂತಪ್ಪ. ಕೈಪಂಪು ಕೆಟ್ಟು ನಿಂತಿದೆಯಲ್ಲ, ಯಾರ ಮನೇಲೂ ನೀರೇ ಇಲ್ಲ."

ಭದ್ರವಾದ ಗೂಡು

ಪಂಪು ರಿಪೇರಿಯಾದ ಮೇಲೂ ಪ್ರಾಕ್ಟಿಕಲ್ ಮುಂದುವರಿಸಿದೆ. ಇನ್ನೊಂದು ಕಡೆಯ ಹೆಂಚಿಗೆ ಸಾಕಾಗುವಷ್ಟು ದುಡ್ಡು ಹಾಲಿನಿಂದಲೇ ಹುಟ್ಟಿತು. ಉಳಿದದ್ದು ಮರ ಮತ್ತು ಕೂಲಿ.

ಅಧ್ಯಕ್ಷರ ಬೀಗರು ಹುತ್ತೂರಿನ ಕಡೆಯವರು, ರೇಷ್ಮೆ ಬೆಳೆಯುವವರು. ಹಣದ ಬದಲು ಒಂದು ಮೂಟೆ ರೇಷ್ಮೆಗೂಡನ್ನು ಬಸ್ಸಿನಲ್ಲಿ ಕಳಿಸಿಕೊಟ್ಟರು. ಗೂಡಿನ ವಿಷಯ ಎಲ್ಲರಿಗೂ ಗೊತ್ತು: ತಕ್ಷಣ ಮಾರುಕಟ್ಟೆಗೆ ಹಾಕಬೇಕು. ತಡ ಮಾಡಿದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಬರುವುದಿಲ್ಲ. ಆದರೆ ಮೂಟೆ ಬಂದ ದಿನ ಅಧ್ಯಕ್ಷರು ಮದುವೆಗೆಂದು ಚಿತ್ತೂರಿನ ಕಡೆ ಹೋಗಿದ್ದರು, ನಾನು ಬೇಸಿಗೆ ರಜೆಗೆಂದು ಕೋಲಾರದಲ್ಲಿದ್ದೆ. ಇದ್ದವರು ಹೆಡ್‌ಮಾಸ್ಟರೊಬ್ಬರೇ.

ಅವರಿಗೊಂದು ನಿಯಮವಿತ್ತು. ಶಾಲೆಗೆ ಬಂದ ದಾನವನ್ನು ಅಧ್ಯಕ್ಷರ ಎದುರಿನಲ್ಲೇ ಬಿಚ್ಚಬೇಕು. ಅದುವರೆಗೆ ಬೀಗ ಹಾಕಿಡಬೇಕು. ಸೂರಿಲ್ಲದ ಶಾಲೆಯಲ್ಲಿ ಬೀಗವಿದ್ದದ್ದು ಆಫೀಸಿನ ಕಬ್ಬಿಣದ ಬೀರುವಿಗೆ ಮಾತ್ರ. ಮೂಟೆಯನ್ನು ಅದರಲ್ಲಿಟ್ಟು, ಬೀಗ ಹಾಕಿ, ಬೀಗಕ್ಕೆ ಅರಗಿನ ಮುದ್ರೆಯನ್ನೂ ಒತ್ತಿ, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡರು.

ಮದುವೆ, ಬೀಗರೂಟ, ನೆಂಟರ ಮನೆ ಎಲ್ಲ ಮುಗಿಸಿ ಅಧ್ಯಕ್ಷರು ನಿಧಾನವಾಗಿ ವಾಪಸಾದರು. ನಾನೂ ಬಂದೆ. ಹೆಡ್‌ಮಾಸ್ಟರು ಮುದ್ರೆ ಒಡೆದು, ಗಂಭೀರವಾಗಿ ಬಾಗಿಲು ತೆಗೆದರು. ಬೀರುವಿನೊಳಗಿಂದ ಬಿಳಿ ಚಿಟ್ಟೆಗಳು ಪಟಪಟನೆ ರೆಕ್ಕೆ ಬಡಿಯುತ್ತ ಅಧ್ಯಕ್ಷರ ಮೀಸೆಯ ಮೇಲೂ, ಮೇಜಿನ ಮೇಲೂ, ನೆಲದ ಮೇಲೂ ಉದುರಿದವು. ಬೀರುವಿನ ಗೋಡೆಗಳಿಗೆಲ್ಲ ರಾಗಿ ಕಾಳಿನಂತೆ ಮೊಟ್ಟೆ ಅಂಟಿದ್ದವು.

"ಏಮಿ ಮೇಷ್ಟ್ರೇ ಇದು! ಭದ್ರವಾಗಿ ಇಟ್ಟಿದೀನಿ ಅಂದ್ರಲ್ರೀ!"

ಹೆಡ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡು ಒಳಗೆಲ್ಲ ಪರಿಶೀಲಿಸಿದರು. "ಭದ್ರವಾಗೇ ಇದೆಯಲ್ಲ. ಒಂದೂ ಕಳೆದಿಲ್ಲ. ಮೊಟ್ಟೆ ಸೇರಿಸಿದ್ರೆ ಜಾಸ್ತೀನೇ ಇದೆ."

ಶ್ರೀನಿವಾಸಪುರದ ಟವೆಲು

ಹೆಂಚು ಬಂದು ಶಾಲೆಯ ಅಂಗಳದಲ್ಲಿ ಜೋಡಿಸಿಟ್ಟಾಗಿತ್ತು. ಮರವಿಲ್ಲದೆ ಹೆಂಚನ್ನು ಯಾವುದರ ಮೇಲೆ ಹೊದಿಸುವುದು? ಮೇ ತಿಂಗಳೂ ಮುಗಿಯುತ್ತ ಬಂತು. ಮನೆಮನೆ ಸುತ್ತಿ ಸ್ವಲ್ಪ ದುಡ್ಡು ಕೂಡಿಸಿದ್ದೆವು, ಅದು ಅರ್ಧ ಮರಕ್ಕೂ ಸಾಲದು. ಶ್ರೀನಿವಾಸಪುರದಲ್ಲಿ ಮಾವಿನ ಕಾಲ. ಅಲ್ಲಿನ ಒಬ್ಬ ಮಂಡಿ ಮಾಲೀಕರು ಕೇಳಿದವರಿಗೆ ಇಲ್ಲ ಎನ್ನುವುದಿಲ್ಲವಂತೆ ಎಂದು ಯಾರೋ ಹೇಳಿದರು. ಕೂಡಿಸಿದ್ದ ದುಡ್ಡನ್ನು ಚೀಲದಲ್ಲಿಟ್ಟುಕೊಂಡೇ ಹೊರಟೆವು. ಅವರು ಕೊಟ್ಟದ್ದನ್ನೂ ಸೇರಿಸಿ ಹಾಗೇ ಮರ ಕೊಂಡು ಬರುವುದೆಂದು ನನ್ನ ಯೋಜನೆ.

ಮಂಡಿಯ ತುಂಬ ತೋತಾಪುರಿ ಕಾಯಿಯ ರಾಶಿಗಳು. ಮಾಲೀಕರು ಒಂದು ರಾಶಿಯ ಪಕ್ಕ ನಿಂತಿದ್ದರು. ಬಲಗೈ ಮೇಲೆ ಟವೆಲು ಹೊದಿಸಿಕೊಂಡಿದ್ದರು. ಸುತ್ತ ವ್ಯಾಪಾರಸ್ಥರು. ಅಲ್ಲಿ ಬೆಲೆಯನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವರು ಟವೆಲಿನ ಕೆಳಗೆ ಕೈ ಹಾಕಿ ಮಾಲೀಕರ ಬೆರಳು ಒತ್ತುತ್ತಾರೆ. ಒತ್ತಿದ ಬೆರಳು ಹೆಚ್ಚಾದಷ್ಟೂ ಬೆಲೆ ಹೆಚ್ಚು. ಪಕ್ಕದವನಿಗೂ ತಿಳಿಯುವುದಿಲ್ಲ.

ಇದು ನನಗೆ ಗೊತ್ತಾದದ್ದು ಆಮೇಲೆ. ಹೆಡ್‌ಮಾಸ್ಟರಿಗೂ ಆಮೇಲೆಯೇ. ಅವರು ಕಂಡದ್ದು, ದಾನಿಗಳು ತಮ್ಮತ್ತ ಕೈ ಚಾಚಿದ್ದು. ಅವರಿಗೆ ಹೃದಯ ತುಂಬಿ ಬಂತು. ಮುಂದೆ ನುಗ್ಗಿ, ಟವೆಲಿನ ಕೆಳಗೆ ಎರಡೂ ಕೈ ಹಾಕಿ, ಆ ಕೈಯನ್ನು ಐದು ಬೆರಳೂ ಸೇರಿಸಿ ಗಟ್ಟಿಯಾಗಿ ಹಿಸುಕಿದರು. ಸಾಲದು ಎನ್ನಿಸಿ ಮತ್ತೊಮ್ಮೆ ಹಿಸುಕಿದರು.

ಮಾಲೀಕರ ಕಣ್ಣು ಅಗಲವಾಯಿತು. "ಆಯ್ತು! ಬಿಳೀ ಪಂಚೆ ಸ್ವಾಮಿಗಳಿಗೆ!" ಎಂದು ಕೂಗಿಬಿಟ್ಟರು.

"ನೋಡಿದ್ಯಾ, ಕೇಳೋಕೆ ಮುಂಚೆಯೇ ಕೊಟ್ರು" ಎಂದು ಹೆಡ್‌ಮಾಸ್ಟರು ನನ್ನ ಕಡೆ ತಿರುಗಿದರು.

ಕೊಟ್ಟದ್ದು ಅವರಲ್ಲ, ನಾವು. ಆ ರಾಶಿಗೆ ಅವತ್ತಿನ ಅತಿ ಹೆಚ್ಚಿನ ಬೆಲೆ. ವಿಷಯ ತಿಳಿದಾಗ ಮಾಲೀಕರಿಗೂ ಪೇಚಾಯಿತು. "ಸ್ವಾಮಿ, ನೀವು ಶಾಲೆಯವ್ರು ಅಂತ ನನಗೇನು ಗೊತ್ತು? ಕಾಯಿ ತಂದ ರೈತ ಇಲ್ಲೇ ನಿಂತಿದಾನೆ. ಟವೆಲ್ ಕೆಳಗೆ ಆದ ಮಾತು ತಪ್ಪಿದ್ರೆ ನಾಳೆ ನನ್ನ ಮಂಡಿಗೆ ಯಾರು ಬರ್ತಾರೆ?"

ರೈತ ಮುಖ ಅರಳಿಸಿಕೊಂಡು ನಿಂತಿದ್ದ. ಹೆಡ್‌ಮಾಸ್ಟರ ಮುಖ ಬಿಳಿಚಿತ್ತು. ಆದರೂ ಮೆಲ್ಲಗೆ, "ಮಾತು ಮಾತೇ. ಕೊಟ್ಬಿಡಮ್ಮ" ಎಂದರು. ಶಾಲೆಯ ಮರದ ದುಡ್ಡೆಲ್ಲ ನನ್ನ ಚೀಲದಿಂದ ರೈತನ ಟವೆಲಿಗೆ ಹೋಯಿತು. ಅಧ್ಯಕ್ಷರು ರಾಶಿಯ ಮೇಲೇ ಕುಸಿದು ಕೂತು, ಒಂದು ಕಾಯಿ ಕೈಗೆತ್ತಿಕೊಂಡು, "ಸೂರಿಗೆ ತೊಲೆ ಬದಲು ಇದನ್ನೇ ಜೋಡಿಸೋಣ ಮೇಷ್ಟ್ರೇ" ಎಂದರು.

ಇಷ್ಟು ಹೊತ್ತೂ ಮದನಪಲ್ಲಿ ಕಡೆಯ ವ್ಯಾಪಾರಿಯೊಬ್ಬ ನಮ್ಮನ್ನೇ ನೋಡುತ್ತಿದ್ದ. ಅವನ ಲಾರಿ ಅರ್ಧ ತುಂಬಿ ನಿಂತಿತ್ತು. ಕಾಯಿ ಸಂಜೆಯೊಳಗೆ ಜ್ಯೂಸ್ ಫ್ಯಾಕ್ಟರಿ ಸೇರಬೇಕಿತ್ತು. ಅವನಿಗೆ ಕಂಡದ್ದೇ ಬೇರೆ: ಬಿಳಿ ಪಂಚೆಯ ಹಿರಿಯರು ಬಂದರು, ಚೌಕಾಸಿಯೇ ಇಲ್ಲದೆ ಒಂದೇ ಹಿಡಿತಕ್ಕೆ ರಾಶಿ ಎತ್ತಿದರು, ಲೆಕ್ಕದ ಹುಡುಗಿ ಚೀಲದಿಂದ ನಗದು ಎಣಿಸಿದಳು. ಯಾವುದೋ ದೊಡ್ಡ ಫ್ಯಾಕ್ಟರಿಯವರು! ಬೆಲೆ ಏರುವ ಸುದ್ದಿ ಇವರಿಗೆ ಮೊದಲೇ ಗೊತ್ತಿರಬೇಕು!

ಅವನು ನೇರವಾಗಿ ಬಂದು, ಹೆಡ್‌ಮಾಸ್ಟರ ಕೈ ಹಿಡಿದು, ಮೇಲೆ ತನ್ನ ಟವೆಲು ಹಾಕಿ ಬೆರಳು ಒತ್ತಿದ.

ಹೆಡ್‌ಮಾಸ್ಟರಿಗೆ ಜೀವವೇ ಹಾರಿಹೋದಂತಾಯಿತು. ಒಂದು ಸಲ ಟವೆಲಿನ ಕೆಳಗೆ ಕೈ ಹೋಗಿ ಮರದ ದುಡ್ಡು ಮಾಯವಾಗಿತ್ತು. ಇನ್ನು ಹೋಗುವುದು ಹೆಂಚೇ. ಕೈಯನ್ನು ಜಗ್ಗಿದರು. ವ್ಯಾಪಾರಿ ಬಿಡಲಿಲ್ಲ, ಇನ್ನೊಂದು ಬೆರಳು ಹಿಡಿದ. ಇನ್ನೂ ಜೋರಾಗಿ ಜಗ್ಗಿದರು. ಅವನು ಇನ್ನೂ ಒಂದು ಸೇರಿಸಿದ. "ಬೇಡಪ್ಪ, ಬಿಡಪ್ಪ" ಎಂದು ಕೊಸರಾಡಿದರು. "ಚಾಲಾ ಗಟ್ಟಿ ಮನಿಷಿ, ಬಲೇ ಗಟ್ಟಿ ಆಸಾಮಿ" ಎಂದು ಗೊಣಗಿ ಅವನು ಮತ್ತಷ್ಟು ಒತ್ತಿದ. ಸುತ್ತ ಜನ ಸೇರಿದರು. ಇಷ್ಟು ಹಟದ ವ್ಯಾಪಾರವನ್ನು ಆ ಮಂಡಿ ಆ ವರ್ಷ ಕಂಡಿರಲಿಲ್ಲ. ಕೊನೆಗೆ ಹೆಡ್‌ಮಾಸ್ಟರು ಸುಸ್ತಾಗಿ, ಬೆವರಿ, ಕೈಯನ್ನು ಹಾಗೇ ಸಡಿಲ ಬಿಟ್ಟು ನಿಂತರು.

"ಆಯ್ತು!" ಎಂದು ಮಂಡಿ ಮಾಲೀಕರು ಕೂಗಿದರು.

ವ್ಯಾಪಾರಿ ಹಣೆ ಒರೆಸಿಕೊಂಡು ನೋಟು ಎಣಿಸಿದ. ನಾವು ಕೊಟ್ಟದ್ದು ವಾಪಸು ಬಂತು. ಅದರ ಮೇಲೆ ತೊಲೆಗೆ, ರೀಪಿಗೆ, ಬಡಗಿಯ ಕೂಲಿಗೆ ಎಲ್ಲದಕ್ಕೂ ಸಾಕಾಗುವಷ್ಟು ಬಂತು. ಮಾಲೀಕರು ಕಮಿಷನ್ ಹಿಡಿಯಲಿಲ್ಲ, ಅದು ತಮ್ಮ ಚಂದಾ ಎಂದರು. ನಾನು ಅಲ್ಲೇ ನಿಂತು ಎರಡು ಸಲ ಎಣಿಸಿ ನೋಡಿದೆ. ಜೂನ್ ತಿಂಗಳಲ್ಲಿ ನನ್ನ ಹುಡುಗಿಯರು ಹತ್ತನೇ ತರಗತಿಯಲ್ಲಿ ಕೂರುವುದು ಖಚಿತವಾಯಿತು.

ಅಧ್ಯಕ್ಷರು ಮಾವಿನ ರಾಶಿಯಿಂದ ಎದ್ದು ಬಂದು, ಹೆಡ್‌ಮಾಸ್ಟರನ್ನು ಹೊಸದಾಗಿ ಕಂಡವರಂತೆ ನೋಡಿದರು. "ಮೇಷ್ಟ್ರೇ, ಆ ಟವೆಲ್ ಕೆಳಗೆ ನೀವು ಮಾಡಿದ್ದಾದ್ರೂ ಏನ್ರೀ?"

"ನಾನೇನೂ ಮಾಡ್ಲಿಲ್ಲಪ್ಪ, ದೇವರಾಣೆ" ಎಂದರು ಹೆಡ್‌ಮಾಸ್ಟರು, ಕೈ ನೀವಿಕೊಳ್ಳುತ್ತ. "ಹೇಗಾದ್ರೂ ತಪ್ಪಿಸಿಕೊಂಡು ಮನೆಗೆ ಹೋದ್ರೆ ಸಾಕು ಅಂತ ಒದ್ದಾಡ್ತಿದ್ದೆ."

ಮಂಡಿ ಮಾಲೀಕರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಅಷ್ಟೇ ಸ್ವಾಮಿ ವ್ಯಾಪಾರ ಅಂದ್ರೆ. ನಾವೂ ದಿನಾ ಮಾಡೋದು ಅದನ್ನೇ."