ಕೋಣ ಓಡಿಸುವವನ ಒಂದು ಫೋಟೋ

ಓಡುವವರ ಫೋಟೋ ತೆಗೆಯಲು ಹೊರಟವನಿಗೆ ಪೇಚು ತಪ್ಪಿದ್ದಲ್ಲ. ಉಡುಪಿಯಲ್ಲಿ ನನ್ನ ಸ್ಟುಡಿಯೋ ಇದ್ದ ಕಾಲದಲ್ಲಿ ಸ್ಟೂಲಿನ ಮೇಲೆ ನೆಟ್ಟಗೆ ಕುಳಿತವರೆಲ್ಲ ಚಂದವೇ ಬರುತ್ತಿದ್ದರು. ನನ್ನ ಮಾನ ಕಳೆದವನು ಒಬ್ಬನೇ, ಕಾಪುವಿನವನು, ಕಂಬಳದಲ್ಲಿ ಕೋಣ ಓಡಿಸುವವನು. ನಿಂತು ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ಅವನ ನಂಬಿಕೆ. ಮದುವೆಯಲ್ಲೂ ತೆಗೆಸಿರಲಿಲ್ಲ. ಹೆಂಡತಿಗೆ ಗಂಡನ ಮುಖ ಸ್ಪಷ್ಟವಾಗಿ ಕಾಣುವ ಒಂದು ಫೋಟೋ ಬೇಕಿತ್ತು, ಒಂದೇ ಒಂದು.

"ನಿಂತರೆ ತಾನೆ ತೊಂದರೆ? ಓಡುವಾಗ ತೆಗೆಯಿರಿ," ಎಂದರು ಆಕೆ.

"ಓಡುವಾಗ ಅಡ್ಡಿಯಿಲ್ಲ," ಎಂದ ಅವನು. "ಯಮನಿಗೂ ಗುರುತು ಸಿಗಲಿಕ್ಕಿಲ್ಲ."

ಕಾರ್ಕಳದ ಕಂಬಳ

ಆಗಿನ ಕ್ಯಾಮೆರಾದಲ್ಲಿ ಫೋಕಸ್ ಕೈಯಿಂದಲೇ ಆಗಬೇಕು. ಓಡಿ ಬರುವುದನ್ನು ನೋಡುತ್ತಾ ಲೆನ್ಸ್ ತಿರುಗಿಸುವಷ್ಟರಲ್ಲಿ ಅದು ದಾಟಿ ಹೋಗಿರುತ್ತದೆ. ಹಾಗಾಗಿ ಒಂದು ಜಾಗ ಗೊತ್ತು ಮಾಡಿ, ಅಲ್ಲಿಗೆ ಫೋಕಸ್ ಇಟ್ಟು, ಬರುವವರೆಗೆ ಕಾಯುವುದು ನಮ್ಮ ಕ್ರಮ. ನಾನು ಕೆಸರಿನ ಬದಿಗೆ ಒಂದು ಕೋಲು ನೆಟ್ಟು ಕಾದೆ. ಕೋಲಿನ ಹತ್ತಿರ ಅವನು ಬಂದಾಗ ಒತ್ತಬೇಕಿತ್ತು. ಆದರೆ ಎರಡು ಕೋಣಗಳು ಮೈಮೇಲೆ ಬರುವಾಗ ಬೆರಳು ಯಜಮಾನನ ಮಾತು ಕೇಳುವುದಿಲ್ಲ. ಕೋಣಗಳು ಕೋಲು ಮುಟ್ಟಿದ ಕೂಡಲೇ ಒತ್ತಿಬಿಟ್ಟಿತು. ಹಗ್ಗ ಹಿಡಿದು ಹಿಂದೆ ಓಡುತ್ತಿದ್ದವನು ಬರೀ ಮಸಿ ಒರೆಸಿದಂತೆ ಬಂದ.

ಆಕೆ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. "ಕೋಣದ ರೆಪ್ಪೆ ಸಹ ಕಾಣುತ್ತದೆ. ಇವರದ್ದು ಮೂಗಾದರೂ ಎಲ್ಲುಂಟು?"

ತಾನೇ ನೋಡಿಕೊಳ್ಳುವ ಕ್ಯಾಮೆರಾ

ಕೆಲವು ವರ್ಷ ಕಳೆದು ಆಕೆಯ ತಮ್ಮ ದುಬೈಯಿಂದ ಹೊಸ ಕ್ಯಾಮೆರಾ ತಂದ. "ಇನ್ನು ನಿಮ್ಮ ಕೋಲೆಲ್ಲ ಬೇಡ. ಫೋಕಸ್ ಇದೇ ನೋಡಿಕೊಳ್ಳುತ್ತದೆ. ಭಾವ ನಿಲ್ಲುವುದೂ ಬೇಡ, ನಡೆದುಕೊಂಡು ಬಂದರೆ ಸಾಕು," ಎಂದು ಕ್ಯಾಮೆರಾ ನನ್ನ ಕೈಗೆ ಕೊಟ್ಟ. ಹೊಟ್ಟೆ ಉರಿಯಿತು, ಆದರೂ ಹಿಡಿದೆ.

ಗಂಡ ಹೆಂಡತಿ ತಮ್ಮ ಮನೆಯ ಚಾವಡಿಯಲ್ಲಿ ಜೊತೆಯಾಗಿ ನಡೆದು ಬಂದರು. ಜೊತೆ ಎಂದರೆ, ಎದುರಿಗೆ ಹಿರಿಯರು ಕುಳಿತಿದ್ದರಲ್ಲ, ನಡುವೆ ಒಬ್ಬ ಆಳು ನುಗ್ಗುವಷ್ಟು ಜಾಗ ಬಿಟ್ಟು. ಆ ಕ್ಯಾಮೆರಾ ನೋಡುವುದು ನಟ್ಟ ನಡುವೆ ಏನುಂಟೋ ಅದನ್ನು. ನಡುವೆ ಕಂಡದ್ದು ಹಿಂದಿನ ಗೋಡೆ, ಗೋಡೆಯ ಮೇಲೆ ಹಾರ ಹಾಕಿದ, ತೀರಿಹೋದ ಆಕೆಯ ಮಾವನವರ ಪಟ. ದಂಪತಿಗಳು ಎರಡು ಕಡೆ ಹೊಗೆಯಾದರು. ಮಾವನವರ ಮೀಸೆಯ ಕೂದಲು ಒಂದೊಂದೂ ಎಣಿಸುವ ಹಾಗಿತ್ತು.

"ನೋಡು," ಎಂದ ಅವನು ಹೆಂಡತಿಗೆ. "ಚಂದ ಬರಬೇಕಾದರೆ ಮೊದಲು ಸಾಯಬೇಕು."

ಮಣಿಪಾಲದ ವಾರ್ಡು

ಆ ಮಾತು ಅವನು ಆಡಬಾರದಿತ್ತು. ಮರು ವರ್ಷ ಶ್ವಾಸಕೋಶದ ಕಾಯಿಲೆ ಬಂದು ಮಣಿಪಾಲದಲ್ಲಿ ಮಲಗಿದ. ಆಕೆ ಹೇಳಿ ಕಳಿಸಿದರು: "ಈಗ ಓಡಲಿಕ್ಕಿಲ್ಲ, ಬನ್ನಿ." ಅವನೂ ಬೇಡವೆನ್ನಲಿಲ್ಲ. ನನಗೆ ಅದೇ ಹೆದರಿಕೆಯಾಯಿತು.

ಉಳಿದ ರೋಗಿಗಳಿಗೆ ತೊಂದರೆಯೆಂದು ಫ್ಲ್ಯಾಶ್ ಹಾಕಲಿಲ್ಲ. ಕಿಟಕಿಯ ಬೆಳಕು ಸಾಲದೆ ಲೆನ್ಸಿನ ಕಿಂಡಿ ಪೂರ್ತಿ ತೆರೆಯಬೇಕಾಯಿತು. ಹಾಗೆ ತೆರೆದರೆ ಫೋಕಸ್ ಒಂದು ಗೇಣು ಆಚೀಚೆಯಾದರೂ ಕೆಟ್ಟಂತೆ. ಅವನ ಕಣ್ಣಿಗೆ ಸರಿ ಮಾಡಿ ಒತ್ತುವಾಗ ಕೆಮ್ಮು ಬಂದು ಮುಂದಕ್ಕೆ ಬಾಗಿದ. ತಲೆಯ ಪಕ್ಕದಲ್ಲೇ ತೂಗುತ್ತಿದ್ದ ಗ್ಲೂಕೋಸ್ ಬಾಟಲಿ ಸ್ಪಷ್ಟವಾಗಿ ಬಂತು.

ಅವನು ಫೋಟೋ ನೋಡಿ ಕೆಮ್ಮುತ್ತಲೇ ನಕ್ಕ. "ಎಂತ ಮಾರಾಯ್ರೆ, ನನ್ನನ್ನು ಬಿಟ್ಟು ಊರಿನದ್ದೆಲ್ಲ ತೆಗೆದಿರಲ್ಲ."

ಅಲ್ಲಾಡದೆ

ಅವನು ಹೋದ. ಹೆಣದ ಪಕ್ಕ ಮನೆಯವರು ಕುಳಿತು ಫೋಟೋ ತೆಗೆಸುವುದು ಆಗಿನ ಪದ್ಧತಿ. ಕತ್ತಲೆ ಚಾವಡಿ, ನಿಧಾನದ ಶಟರ್. ಪಕ್ಕದಲ್ಲಿ ಕುಳಿತವರು ಅಳುತ್ತಾ ನಡುಗುತ್ತಿದ್ದರು, ಎಲ್ಲರೂ ಕಲಸಿಹೋದರು. ಅವನೊಬ್ಬ ಮಾತ್ರ ಸ್ಪಷ್ಟ. ನನ್ನ ಜೀವಮಾನದಲ್ಲಿ ಅಷ್ಟು ಸರಿಯಾದ ಫೋಕಸ್ ಬಿದ್ದದ್ದಿಲ್ಲ. ಡಾರ್ಕ್‌ರೂಮಿನಲ್ಲಿ ಅವನ ಮುಖ ಮೂಡಿದಾಗ ನನಗೆ ತಡೆಯಲಾಗದೆ ಅತ್ತುಬಿಟ್ಟೆ.

ಆಕೆ ಅದನ್ನು ನೋಡಿ ಹಿಂದಕ್ಕೆ ಕೊಟ್ಟರು. "ಇಷ್ಟು ಸುಮ್ಮನೆ ಇವರು ಎಂದೂ ಇದ್ದದ್ದಿಲ್ಲ. ಇದು ಇವರಲ್ಲ. ಆ ಕಂಬಳದ್ದನ್ನೇ ದೊಡ್ಡದು ಮಾಡಿ ಕೊಡಿ."

ಮಾಡಿಕೊಟ್ಟೆ. ಕಾಪುವಿಗೆ ಹೋಗಿ ಮಾವನವರ ಪಟದ ಪಕ್ಕದಲ್ಲಿ ನಾನೇ ಮೊಳೆ ಹೊಡೆದು ತೂಗುಹಾಕಿದೆ. ಆಕೆ ಮಲ್ಲಿಗೆ ಹಾರ ಹಾಕಿದರು. ಅದೇ ಹೊತ್ತಿಗೆ ಕಾರ್ಕಳ ಕಡೆಯ ಒಬ್ಬ ಕೋಣದ ಯಜಮಾನರು ಮೆಟ್ಟಿಲು ಹತ್ತಿದರು. ಸುದ್ದಿ ಅವರಿಗೆ ಮುಟ್ಟಿರಲಿಲ್ಲ, ಮುಂದಿನ ಕಂಬಳಕ್ಕೆ ಅವನನ್ನು ಕರೆಯಲು ಬಂದಿದ್ದರು. ಕೋಣ ಸತ್ತರೆ ಮನೆಯವರೇ ಸತ್ತಂತೆ ಅಳುವ ಜನ. ಹಾರ ಕಂಡವರೇ ಹೆಗಲಿನ ಬೈರಾಸು ತೆಗೆದು ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ನಿಂತರು.

"ಛೆ, ಎಂಥ ಜೋಡಿಯಾಗಿತ್ತು. ಹೋದದ್ದು ಯಾವುದಮ್ಮ? ಎಡದ್ದಾ, ಬಲದ್ದಾ?"

ನನಗೆ ಕೈಯಲ್ಲಿದ್ದ ಸುತ್ತಿಗೆ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಆಕೆ ಫೋಟೋದ ಕಡೆ ನೋಡಿದರು. ಎಷ್ಟೋ ದಿನಗಳ ನಂತರ ಆ ಮುಖದಲ್ಲಿ ನಗು ಬಂತು, ಜೊತೆಗೆ ಕಣ್ಣೀರೂ ಬಂತು.

"ಹಿಂದಿನದ್ದು," ಎಂದರು.