ಎಡಮಗ್ಗುಲಿನ ಕಾನೂನು

ಮೈಸೂರಿನ ಜನಕ್ಕೆ ಎಲ್ಲವೂ ಗೊತ್ತು, ಮಲಗುವುದೊಂದು ಗೊತ್ತಿಲ್ಲ ಎಂಬುದು ನಮ್ಮ ಸೋದರಮಾವನ ಖಚಿತ ಅಭಿಪ್ರಾಯವಾಗಿತ್ತು. ಅಂಗಾತ ಮಲಗಿದರೆ ಗೊರಕೆ, ಬೋರಲು ಮಲಗಿದರೆ ಕತ್ತುನೋವು, ಬಲಮಗ್ಗುಲಾದರೆ ಹುಳಿತೇಗು. ಉಳಿದದ್ದು ಎಡಮಗ್ಗುಲು ಒಂದೇ. ಉಂಡ ಮೇಲೆ ಎಡಕ್ಕೆ ಒರಗುವ ವಾಮಕುಕ್ಷಿ ಎಲ್ಲ ಮನೆಗಳಲ್ಲೂ ಇದೆ, ನಿಜ. ಆದರೆ ಅದಕ್ಕೆ ಗಜಕಡ್ಡಿ ಹಿಡಿದು ನಿಂತವರು ಯಾರಿದ್ದಾರೆ?

ಮಾವನದು ಪೇಟೆಯಲ್ಲಿ ಜವಳಿ ಅಂಗಡಿ. ನಾನು ಆಗ ಉಪಾಧ್ಯಾಯಿನಿಯಾಗಲು ಓದುತ್ತ ಒಂಟಿಕೊಪ್ಪಲಿನ ಅವರ ಮನೆಯಲ್ಲಿದ್ದೆ. ಬೆಳಗಿನ ಪಾಠ ಮುಗಿಸಿ ನಾನು ಬರುವ ಹೊತ್ತಿಗೆ ಅವರೂ ಅಂಗಡಿಗೆ ಬೀಗ ಹಾಕಿ ಸೈಕಲ್ಲಿನಲ್ಲಿ ಬರುತ್ತಿದ್ದರು. ಊಟ, ಹಿತ್ತಿಲಲ್ಲಿ ನೂರು ಹೆಜ್ಜೆ, ಆಮೇಲೆ ಪಡಸಾಲೆ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ನೆಲಕ್ಕೆ ಗೆರೆ ಎಳೆದು, ಒಬ್ಬೊಬ್ಬರಿಗೆ ಒಂದು ಗಜ ಅಗಲದ ಜಾಗ ಕೊಟ್ಟಿದ್ದರು. ತಲೆ ದಕ್ಷಿಣಕ್ಕೆ, ಮುಖ ಬೀದಿಬಾಗಿಲಿಗೆ. ಮೊದಲು ಅವರ ಇಬ್ಬರು ಹೆಣ್ಣುಮಕ್ಕಳು, ನಂತರ ಅಜ್ಜಿ, ನಂತರ ನಾನು, ನನ್ನ ಹಿಂದೆ ಮಾವ. ಪ್ರತಿಯೊಬ್ಬರಿಗೂ ಮುಂದಿನವರ ಬೆನ್ನು ಕಾಣಬೇಕು. ಮಾವನಿಗೆ ಎಲ್ಲರ ಬೆನ್ನೂ ಕಾಣುತ್ತಿತ್ತು. ಅವರನ್ನು ನೋಡುವವರು ಯಾರೂ ಇರಲಿಲ್ಲ. ಗಡಿಯಾರ ಮೂರು ಹೊಡೆಯುವವರೆಗೆ ಹೊರಳುವಂತಿಲ್ಲ.

ಒಮ್ಮೆ ದೂರದ ನೆಂಟರೊಬ್ಬರು ಬಂದು ಜಗಲಿಯ ಮೇಲೆ ಅಂಗಾತ ಮಲಗಿ ಗೊರಕೆ ಶುರುಮಾಡಿದರು. ಮಾವ ಮೂರು ಸಲ ಎದ್ದುಹೋಗಿ ಎಡಕ್ಕೆ ತಿರುಗಿಸಿದರು. ಮೂರು ಸಲವೂ ಅವರು ಮಗುಚಿಕೊಂಡರು. ನಾಲ್ಕನೆಯ ಸಲ ಮಾವ ಅಡುಗೆಮನೆಯಿಂದ ಒಂದು ತೆಂಗಿನಕಾಯಿ ತಂದು ಅವರ ಬೆನ್ನ ಹಿಂದೆ ಇಟ್ಟರು. ಗೊರಕೆ ನಿಂತಿತು. ನೆಂಟಸ್ತಿಕೆಯೂ ಬಹುಮಟ್ಟಿಗೆ ನಿಂತಿತು. ಹಾಗೆಂದು ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದುಂಟೆ? ಎಲೆಯಡಿಕೆಯ ಜೊತೆ ಮಾವ ಕೊಟ್ಟದ್ದು ಅದೇ ಕಾಯಿ!

ಈ ಕಾನೂನಿಗೆ ಒಳಪಡದವರು ಅತ್ತೆ ಒಬ್ಬರೇ. ಅವರಿಗೆ ಉಬ್ಬಸ. ನೆಲಕ್ಕೆ ಗೆರೆ ಬಿದ್ದ ಚಳಿಗಾಲದಲ್ಲೇ ಅದು ಹೆಚ್ಚಾಗಿ, ಯಾವ ಮಗ್ಗುಲಿಗೆ ಮಲಗಿದರೂ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತರೆ ತೂಕಡಿಸಿ ಪಕ್ಕಕ್ಕೆ ಜಾರುವರು, ಜಾರಿದರೆ ಕೆಮ್ಮು. ಹೀಗೇ ನಿದ್ದೆಗೆಟ್ಟರೆ ಜೀವ ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿ ಹೋಗಿದ್ದರು. ಮಧ್ಯಾಹ್ನ ನಾವೆಲ್ಲ ಮಲಗಿದ ಮೇಲೆ ಅವರು ಮಾವನ ಹಿಂದೆ, ಅಡುಗೆಮನೆಯ ಬಾಗಿಲ ಹತ್ತಿರ ಚಾಪೆ ಹಾಸಿ ಕೂರುತ್ತಿದ್ದರು. ಹೆಂಡತಿ ಉಸಿರಿಗೆ ಒದ್ದಾಡುತ್ತಿರುವಾಗ ಈ ಮನುಷ್ಯನಿಗೆ ನಮ್ಮ ಮಗ್ಗುಲಿನ ಚಿಂತೆಯೆ? ನನಗೆ ಒಳಗೊಳಗೇ ಸಿಟ್ಟು. ಅಜ್ಜಿಯ ಹತ್ತಿರ ಹೇಳಿಕೊಂಡರೆ ಅವರು, "ಅವನ ಕಾನೂನು ಅವನಿಗೆ ಗೊತ್ತು ಕಣೇ. ನೀನು ಬಾಗಿಲ ಕಡೆ ನೋಡ್ಕೊಂಡು ಮಲಗು," ಎಂದುಬಿಟ್ಟರು.

ಒಂದು ಮಧ್ಯಾಹ್ನ ನನ್ನ ಕಾಲಿಗೆ ಕಟ್ಟಿರುವೆ ಕಚ್ಚಿತು. ಕಾನೂನು ಮರೆತು ಬಲಕ್ಕೆ ಹೊರಳಿದೆ.

ಮಾವ ಮಲಗಿರಲಿಲ್ಲ. ಚಕ್ಕಳಮಕ್ಕಳ ಹಾಕಿ ನೆಟ್ಟಗೆ ಕೂತಿದ್ದರು. ಅವರ ಬೆನ್ನಿಗೆ ಬೆನ್ನು ಕೊಟ್ಟು, ತಲೆಯನ್ನು ಅವರ ಹೆಗಲಿಗೆ ಆನಿಸಿ, ಅತ್ತೆ ನಿದ್ದೆ ಮಾಡುತ್ತಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಉಸಿರು ಸರಾಗವಾಗಿ ಬರುತ್ತಿತ್ತು. ಮಾವನ ಮೂಗಿನ ಮೇಲೆ ನೊಣ ಕೂತಿತ್ತು. ಕೈ ಎತ್ತಿದರೆ ಬೆನ್ನು ಅಲುಗೀತೆಂದು ಅದನ್ನೂ ಓಡಿಸಿರಲಿಲ್ಲ.

ಹಿರಿಯರ ಎದುರು, ಮಕ್ಕಳ ಎದುರು ಗಂಡ ಹೆಂಡತಿ ಒಂದೇ ಚಾಪೆಯ ಮೇಲೆ ಕೂರದ ಕಾಲ ಅದು. ಯಾರಾದರೂ ನೋಡುತ್ತಾರೆಂದರೆ, ಜೀವ ಹೋದರೂ ಅತ್ತೆ ಹಾಗೆ ಒರಗುತ್ತಿರಲಿಲ್ಲ.

ಮಾವ ನನ್ನನ್ನು ನೋಡಿದರು. ತುಟಿ ಮಾತ್ರ ಅಲುಗಿತು.

"ಈಗ ತಾನೆ ನಿದ್ದೆ ಹತ್ತಿದೆ ಕಣಮ್ಮ. ಆ ಕಡೆ ತಿರುಗ್ಬುಡು."

ತಿರುಗಿದೆ. ಎದುರಿಗೆ ಅಜ್ಜಿಯ ಬೆನ್ನು. ಅದು ಅಲುಗಾಡದೆ ಪಿಸುದನಿಯಲ್ಲಿ ಕೇಳಿತು:

"ಮಲಗಿದ್ದಾಳೇನೇ?"

"ಹೂಂ ಅಜ್ಜಿ."

"ಸರಿ. ಮೂರು ಹೊಡೆದ್ರೂ ಏಳ್ಬೇಡ."

ಆ ದಿನ ನಾಲ್ಕು ಹೊಡೆದರೂ ನಮ್ಮ ಸಾಲಿನಲ್ಲಿ ಯಾರೂ ಹೊರಳಲಿಲ್ಲ.