ಕಾಲು ಮುರಿದವಳಿಗೆ ಓದಲು, ನೋಡಲು, ಕೇಳಲು

ಬೇಸಿಗೆಯಲ್ಲಿ ಯಾರಾದರೂ ಮನೆಯಲ್ಲಿ ಸುಮ್ಮನೆ ಕೂತಿದ್ದಾರೆ ಅಂತ ಗೊತ್ತಾದರೆ ಸಾಕು, ನಮ್ಮ ಜನಕ್ಕೆ ತಡೆಯೋಕಾಗಲ್ಲ. ಕಾಯಿಲೆ ಬಿದ್ದವರಿಗೆ ಕಷಾಯ ಹೇಳ್ತಾರೆ, ಖಾಲಿ ಕೂತವರಿಗೆ ‘ಇದನ್ನ ಓದಿ, ಅದನ್ನ ನೋಡಿ, ಇದನ್ನ ಕೇಳಿ’ ಅಂತಾರೆ. ಕಷಾಯವನ್ನಾದರೂ ಅವರು ಆಚೆ ಹೋದ ಮೇಲೆ ಸಿಂಕಿಗೆ ಸುರಿಯಬಹುದು. ಇದಕ್ಕೆ ಆ ಅನುಕೂಲ ಇಲ್ಲ. ಮಾರನೇ ದಿನ ಬಂದು ‘ಎಲ್ಲಿವರೆಗೆ ಆಯ್ತು?’ ಅಂತ ವಿಚಾರಿಸ್ತಾರೆ.

ನಾನು ಸಿಟಿ ಬಸ್ ಕಂಡಕ್ಟರ್. ಹದಿನೇಳು ವರ್ಷದಿಂದ ಕೆಂಗೇರಿಗೂ ಮೆಜೆಸ್ಟಿಕ್ಕಿಗೂ ನಿಂತುಕೊಂಡೇ ಓಡಾಡಿದವಳು. ಎಂಥಾ ಬ್ರೇಕ್ ಹಾಕಿದರೂ ಬಸ್ಸಿನಲ್ಲಿ ಒಂದು ದಿನವೂ ಬಿದ್ದಿಲ್ಲ. ಹೋದ ಏಪ್ರಿಲ್‌ನಲ್ಲಿ ವಾರದ ರಜೆಯ ದಿನ, ಕೆಂಗೇರಿ ಉಪನಗರದ ನಮ್ಮ ಮನೆ ತಾರಸಿ ಮೇಲೆ ಸಂಡಿಗೆ ಒಣಹಾಕಿ, ಕಾಗೆ ಓಡಿಸೋಕೆ ಹೋಗಿ ಬಿದ್ದೆ. ಕಾಗೆ ಸಂಡಿಗೆ ಸಮೇತ ಹಾರಿಹೋಯಿತು. ನನ್ನ ಬಲಗಾಲಿಗೆ ಮೊಣಕಾಲಿನ ಕೆಳಗಿನಿಂದ ಪ್ಲಾಸ್ಟರ್ ಬಿತ್ತು. “ಆರು ವಾರ ಈ ಕಾಲು ನೆಲಕ್ಕೆ ತಾಗೋ ಹಾಗಿಲ್ಲ” ಅಂದರು ಡಾಕ್ಟರು.

ಹಾಲ್‌ನ ಕಿಟಕಿ ಪಕ್ಕ ಮಂಚ ಹಾಕಿ ನನ್ನನ್ನು ಕೂರಿಸಿದರು. ಬಸ್ ಇಲ್ಲದಿದ್ದರೂ ಮೈ ತೂಗಾಡ್ತಾ ಇತ್ತು. ರಸ್ತೆಯಲ್ಲಿ ಹಾರ್ನ್ ಕೇಳಿದರೆ ಕೈ ತಾನಾಗಿಯೇ ವಿಷಲ್ ಹುಡುಕುತ್ತಿತ್ತು. ಬಿಸಿಲು ಬೇರೆ, ಕರೆಂಟ್ ಬೇರೆ ಆಗಾಗ ಹೋಗೋದು. ದಿಂಬು ಈ ಕಡೆ ಇಟ್ಟುಕೊಂಡೆ, ಆ ಕಡೆ ಇಟ್ಟುಕೊಂಡೆ, ಕ್ಯಾಲೆಂಡರಿನ ಹಿಂದಿನ ಪುಟದ ರಾಶಿಫಲ ಹನ್ನೆರಡೂ ಓದಿದೆ. ಮೂರನೇ ದಿನ ನಮ್ಮ ಮನೆಯವರಿಗೆ “ರೀ, ಈ ಕಿಟಕಿ ಮುಂದೆ ಅದೇ ನಾಯಿ ಬೆಳಿಗ್ಗೆಯಿಂದ ನಲವತ್ತೊಂದು ಸಲ ಹೋಯ್ತು” ಅಂದೆ. ಅವರು ಹೆದರಿಬಿಟ್ಟರು. ಬೀದಿಯಲ್ಲಿ ಸಿಕ್ಕಿದವರಿಗೆಲ್ಲ “ಇವಳಿಗೆ ಹೊತ್ತು ಹೋಗೋಕೆ ಏನಾದರೂ ಇದ್ದರೆ ಹೇಳ್ರಪ್ಪ” ಅಂತ ಹೇಳಿಕೊಂಡು ಬಂದರು. ಅಲ್ಲಿಂದ ಶುರುವಾಯಿತು.

ಮೇಷ್ಟ್ರ ಕಾದಂಬರಿ

ಮೊದಲು ಬಂದವರು ನಮ್ಮ ಮೇಲಿನ ಮನೆಯ ರಿಟೈರ್ಡ್ ಕನ್ನಡ ಮೇಷ್ಟ್ರು. ಕೂಸು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಒಂದು ಕಾದಂಬರಿ ಎತ್ತಿಕೊಂಡು ಮೆಟ್ಟಿಲು ಇಳಿದರು. ಆರುನೂರು ಚಿಲ್ಲರೆ ಪುಟ.

“ಜೀವನದಲ್ಲಿ ಒಂದ್ಸಲ ಓದಲೇಬೇಕಾದ ಪುಸ್ತಕ ಕಣಮ್ಮ. ಇದು ಮುಗಿಯೋ ಹೊತ್ತಿಗೆ ಕಾಲು ಮುರಿದಿದ್ದೇ ಪುಣ್ಯ ಅನ್ಸುತ್ತೆ ನಿಂಗೆ.”

“ಕಥೆ ಏನು ಮೇಷ್ಟ್ರೇ?”

“ಹೇಳಿದ್ರೆ ರಸಭಂಗ. ಮೊದಲು ಸ್ವಲ್ಪ ನಿಧಾನ. ಆದ್ರೆ ಕೊನೇ ಭಾಗ ಇದೆಯಲ್ಲಾ...” ಅಂತ ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದರು. “ನಾನು ಹೇಳಲ್ಲ. ನೀನೇ ನೋಡು.”

ಓದೋಕೆ ಕೂತೆ. ಮೊದಲ ಐವತ್ತು ಪುಟ ಒಂದು ಮನೆಯವರೆಲ್ಲ ಸೇರಿಕೊಂಡು ಒಂದು ಬಾವಿಯ ವಿಚಾರ ಮಾತಾಡಿದರು. ಆಮೇಲಿನ ಐವತ್ತು ಪುಟ ಪಕ್ಕದ ಮನೆಯವರು ಅದೇ ಬಾವಿಯ ವಿಚಾರ ಮಾತಾಡಿದರು. ಅಷ್ಟು ಹೊತ್ತಿಗೆ ನಾನು ಮೆಜೆಸ್ಟಿಕ್ ಮುಟ್ಟಿ ವಾಪಸ್ ಬಂದಿರ್ತಿದ್ದೆ. ದಿನಾ ಸಂಜೆ ಐದಕ್ಕೆ ಮೇಷ್ಟ್ರು ವಾಕಿಂಗ್ ಹೊರಟಾಗ ಕಿಟಕಿ ಹತ್ತಿರ ನಿಂತು, ಸ್ಟಾಪ್ ಬಂತಾ ಅಂತ ಕೇಳೋ ಪ್ಯಾಸೆಂಜರ್ ಥರ, “ಎಲ್ಲಿಗೆ ಬಂತಮ್ಮಾ?” ಅನ್ನೋರು.

“ನೂರಾ ಹತ್ತು ಮೇಷ್ಟ್ರೇ.”

“ಮುಂದಿದೆ, ಮುಂದಿದೆ!”

ಅವರ ಮಾತಿನ ಮೇಲೆ ನಂಬಿಕೆ ಇಟ್ಟು ಹಲ್ಲು ಕಚ್ಚಿ ಓದಿದೆ. ಒಂಬತ್ತನೇ ದಿನ ಇನ್ನೂರ ಎಂಟನೇ ಪುಟಕ್ಕೆ ಬಂದೆ. ಮುಂದಿನ ಹಾಳೆ ಬಿಡಿಸೋಕೆ ಹೋದರೆ ಬರಲಿಲ್ಲ. ಹಳೇ ಕಾಲದ ಪುಸ್ತಕ, ಮಡಚಿ ಹೊಲಿದ ಹಾಳೆಗಳ ಅಂಚನ್ನು ಪ್ರೆಸ್ಸಿನವರು ಕತ್ತರಿಸೇ ಇಲ್ಲ. ಇಲ್ಲಿವರೆಗಿನದನ್ನು ಯಾರೋ ಬ್ಲೇಡಿನಲ್ಲಿ ಬಿಡಿಸಿದ್ದಾರೆ, ಮುಂದಿನ ಹಾಳೆಗಳು ಜೋಡಿ ಜೋಡಿಯಾಗಿ ಸೇರಿಕೊಂಡೇ ಇವೆ. ಕೊನೇವರೆಗೂ ಹಾಗೇ.

ಸಂಜೆ ಮೇಷ್ಟ್ರು ಬಂದಾಗ ಕೇಳಿದೆ. “ಮೇಷ್ಟ್ರೇ, ಇನ್ನೂರ ಎಂಟು ಆದ್ಮೇಲೆ ಹಾಳೆ ಬಿಡಿಸೋಕೇ ಬರ್ತಿಲ್ಲ. ಬ್ಲೇಡ್ ಹಾಕಿ ಕತ್ತರಿಸಬೇಕು. ನೀವು ಹೇಗೆ ಓದಿದ್ರಿ?”

ಮೇಷ್ಟ್ರು ಪುಸ್ತಕ ಇಸ್ಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ರಸ್ತೆ ಕಡೆ ನೋಡಿದರು. ಆಮೇಲೆ ಕಿಟಕಿ ಸರಳಿಗೆ ಮುಖ ತಂದು ಮೆಲ್ಲಗೆ ಅಂದರು:

“ನಿಜವಾಗ್ಲೂ ಅಲ್ಲೀವರೆಗೂ ಹೋಗ್ಬಿಟ್ಯಾ? ಮೂವತ್ತು ವರ್ಷದಿಂದ ಎಷ್ಟೋ ಜನಕ್ಕೆ ಕೊಟ್ಟಿದೀನಿ ಕಣಮ್ಮ. ಈ ಪ್ರಶ್ನೆ ಯಾರೂ ಕೇಳಿರ್ಲಿಲ್ಲ.”

ಥೇಟ್ ನಮ್ಮತ್ತೆ

ಎದುರು ಮನೆ ಆಂಟಿ ಬೇರೆ ದಾರಿ ಹೇಳಿದರು. “ಓದಿದ್ರೆ ತಲೆನೋವು. ಮಧ್ಯಾಹ್ನ ಎರಡಕ್ಕೆ ಒಂದು ಧಾರಾವಾಹಿ ಬರುತ್ತೆ, ನೋಡಿ. ನಾನೇ ಬಂದು ಜೊತೇಲಿ ಕೂತ್ಕೋತೀನಿ.”

ಒಳಗುಟ್ಟು ಆಮೇಲೆ ಗೊತ್ತಾಯಿತು. ಅವರ ಮನೆ ಟೀವಿ ರಿಮೋಟು ಅವರ ಅತ್ತೆ ಕೈಯಲ್ಲಿ. ಎಂಬತ್ತರ ಆ ಅಜ್ಜಿ ಊಟ ಮಾಡುವಾಗಲೂ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರ್ತಾರಂತೆ.

ಧಾರಾವಾಹಿಯಲ್ಲೂ ಒಬ್ಬಳು ಅತ್ತೆ. ಮೈತುಂಬ ಒಡವೆ, ಜರಿ ಸೀರೆ, ಬಾಯಿ ಬಿಟ್ಟರೆ ಬೆಂಕಿ. ಅವಳು ಬಂದಾಗಲೆಲ್ಲ ಎದುರು ಮನೆ ಆಂಟಿ ನನ್ನ ಪ್ಲಾಸ್ಟರ್ ತಟ್ಟಿ “ನೋಡಿ ನೋಡಿ, ಥೇಟ್ ನಮ್ಮತ್ತೆ!” ಅನ್ನೋರು. ಅತ್ತೆ ಒಳಗೆ ಏನೋ ಸಂಚು ಮಾಡ್ತಾ ಇದ್ದಾಳೆ, ಸೊಸೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ತಾ ಇದ್ದಾಳೆ. ಸೋಮವಾರ ನಿಂತಳು. ಮಂಗಳವಾರವೂ ನಿಂತಿದ್ದಳು. ಬುಧವಾರ ಅವಳ ಮುಖವನ್ನು ಎಡದಿಂದ ಒಂದು ಸಲ, ಬಲದಿಂದ ಒಂದು ಸಲ ತೋರಿಸಿದರು. ಒಳಗೂ ಹೋಗಲ್ಲ, ಆಚೆಗೂ ಹೋಗಲ್ಲ.

ಬಾಗಿಲಲ್ಲಿ ನಿಂತವರನ್ನು ಕಂಡರೆ ಹದಿನೇಳು ವರ್ಷದಿಂದ ಆಗದ ಹೆಂಗಸು ನಾನು. ಎಷ್ಟೂಂತ ತಡೀಲಿ? ಮೈಸೂರು ರಸ್ತೆಯ ಟ್ರಾಫಿಕ್ಕಿಗೆ ಕೇಳಿಸೋ ಗಂಟಲಲ್ಲಿ ಕೂಗಿಬಿಟ್ಟೆ: “ಬಾಗ್ಲಲ್ಲಿ ಯಾಕಮ್ಮಾ ನಿಂತಿದೀಯಾ? ಒಳಗ್ ಬಾ, ಒಳಗೆ ಜಾಗ ಇದೆ!”

“ಬಂದೆ ಕಣವ್ವ” ಅಂತು ಒಂದು ದನಿ.

ತಿರುಗಿ ನೋಡಿದರೆ ಎದುರು ಮನೆ ಅಜ್ಜಿ! ಸೆಖೆ ಅಂತ ನಮ್ಮ ಬಾಗಿಲು ತೆರೆದೇ ಇತ್ತು. ದಿನಾ ಎರಡಕ್ಕೆ ಸರಿಯಾಗಿ ಸೊಸೆ ಎಲ್ಲಿ ಮಾಯ ಆಗ್ತಾಳೆ ಅಂತ ಹುಡುಕಿಕೊಂಡು ಬಂದು ಹೊಸ್ತಿಲ ಆಚೆ ನಿಂತಿದ್ದರಂತೆ. ನನ್ನ ಪಕ್ಕದ ಆಂಟಿಯ ಮುಖ ಬಿಳಿಚಿಕೊಂಡಿತು. ನಾನು ಕಾಲು ಮುರಿದವಳು, ಎದ್ದು ಓಡೋ ಹಾಗೂ ಇಲ್ಲ.

ಅಜ್ಜಿ ನಿಧಾನವಾಗಿ ಬಂದು, ಸೊಸೆಯ ಪಕ್ಕದಲ್ಲೇ ಕೂತು, ಕನ್ನಡಕ ಸರಿಮಾಡಿಕೊಂಡು ಟೀವಿ ನೋಡಿದರು.

“ಇವಳೇನೇ ಥೇಟ್ ನನ್ನಂಗಿರೋಳು?”

ಸೊಸೆ ಟೀವಿ ಆರಿಸೋಕೆ ರಿಮೋಟು ಹುಡುಕಿದರು.

“ಹಂಗಾದ್ರೆ ಅಂಥ ಸೀರೇನೂ ಒಂದು ಕೊಡ್ಸು.”

ಹೆಬ್ಬೆರಳು

ಮೂರನೇ ವಾರ ನನ್ನ ಬಸ್ಸಿನ ಡ್ರೈವರ್ ಅಣ್ಣ ಮೂಸಂಬಿ ತಗೊಂಡು ನೋಡೋಕೆ ಬಂದರು. ಆರು ವರ್ಷದಿಂದ ಜೊತೆಯಲ್ಲಿ ಡ್ಯೂಟಿ ಮಾಡಿದವರು. ಮೊದಲು ಆಟೋದವರ ಜೊತೆ ದಿನಕ್ಕೆ ಎರಡು ಜಗಳ ಆಡ್ತಿದ್ದ ಮನುಷ್ಯ ಈಗೀಗ ಋಷಿಯ ಹಾಗೆ ಗಾಡಿ ಓಡಿಸ್ತಾರೆ. ಅದರ ಗುಟ್ಟು ಒಂದು ಧ್ಯಾನದ ಆಡಿಯೋ ಅಂತೆ, ಅದನ್ನು ನನ್ನ ಫೋನಿಗೆ ಹಾಕಿಕೊಟ್ಟರು.

“ಇದು ಕೇಳಮ್ಮ. ನೋಡೋದೂ ಬೇಡ, ಓದೋದೂ ಬೇಡ. ಕಿವಿಗೆ ಹಾಕ್ಕೊಂಡು ಮಲಗಿದ್ರೆ ಸಾಕು. ಮೈಯೆಲ್ಲ ಹಗುರ ಆಗೋಗುತ್ತೆ.”

ಮಧ್ಯಾಹ್ನ ಇಯರ್‌ಫೋನ್ ಕಿವಿಗೆ ಹಾಕಿಕೊಂಡೆ. ನೀರು ಹರಿಯೋ ಸದ್ದು, ಕೊಳಲು, ಆಮೇಲೆ ಬೆಣ್ಣೆಯಂಥ ಒಂದು ಗಂಡಸಿನ ದನಿ. “ಕಣ್ಣು ಮುಚ್ಚಿಕೊಳ್ಳಿ. ಎಲ್ಲ ಚಿಂತೆ ಬಿಡಿ.” ಬಿಟ್ಟೆ. ಮೊದಲ ಸಲ ಆ ಮಂಚದ ಮೇಲೆ ಮೈ ಸ್ವಲ್ಪ ಸಡಿಲವಾಯಿತು.

“ಈಗ ನಿಮ್ಮ ಗಮನವನ್ನು ನಿಧಾನವಾಗಿ ಬಲಗಾಲಿನ ಕಡೆಗೆ ತನ್ನಿ” ಅಂದ ಪುಣ್ಯಾತ್ಮ.

ಹತ್ತೊಂಬತ್ತು ದಿನದಿಂದ ನಾನು ಮರೆಯೋಕೆ ಒದ್ದಾಡ್ತಾ ಇದ್ದ ಕಾಲು ಅದು.

“ಹೆಬ್ಬೆರಳನ್ನು ಅನುಭವಿಸಿ. ಹಿಮ್ಮಡಿಯನ್ನು ಅನುಭವಿಸಿ. ಮೀನಖಂಡದಲ್ಲಿ ಏನಾಗುತ್ತಿದೆ, ಗಮನಿಸಿ.”

ಏನಾಗುತ್ತಿದೆ? ನವೆ! ಪ್ಲಾಸ್ಟರ್ ಒಳಗೆ ಸಾವಿರ ಇರುವೆ ಬಿಟ್ಟ ಹಾಗೆ ನವೆ. ಕೊಳಲು ಕಿತ್ತು ಬಿಸಾಕಿದೆ. ಕೈಗೆ ಸಿಕ್ಕಿದ್ದು ಮಗಳ ಜಾಮೆಟ್ರಿ ಬಾಕ್ಸು. ಅದರಲ್ಲಿದ್ದ ಸ್ಟೀಲ್ ಸ್ಕೇಲನ್ನು ಪ್ಲಾಸ್ಟರ್ ಒಳಗೆ ಇಳಿಸಿ ಕೆರೆದೆ. ಆಹಾ, ಆ ಸುಖವನ್ನು ಯಾವ ಕೊಳಲೂ ಕೊಡಲಾರದು. ಇನ್ನೊಂದು ಚೂರು ಕೆಳಗೆ ಅಂತ ತಳ್ಳಿದೆ ನೋಡಿ, ಬೆವರಿಗೆ ಬೆರಳು ಜಾರಿ ಸ್ಕೇಲು ಸುಯ್ಯಂತ ಒಳಗೆ ಹೋಯಿತು. ಎಷ್ಟು ಅಲ್ಲಾಡಿಸಿದರೂ ಬರಲಿಲ್ಲ.

ಮನೆಯವರಿಗೆ ಹೇಳೋಕೆ ನಾಚಿಕೆ. ಮಗಳು ಎರಡು ದಿನ ಮನೆಯೆಲ್ಲ ಹುಡುಕಿದಳು, ನಾನೂ ‘ಎಲ್ಲಿ ಇಟ್ಟೆ ನೋಡ್ಕೋ’ ಅಂತ ಬೈದೆ. ಮೂರನೇ ದಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ಇತ್ತು. ಡಾಕ್ಟರು ಫಿಲಂ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಇನ್ನೊಬ್ಬ ಡಾಕ್ಟರನ್ನು ಕರೆದು ತೋರಿಸಿದರು. ನಮ್ಮ ಮನೆಯವರು ದೇವರನ್ನು ನೆನೆಯೋಕೆ ಶುರುಮಾಡಿದರು.

“ಏನಮ್ಮಾ, ಮೂಳೆ ಪಕ್ಕ ಉದ್ದಕ್ಕೆ ಏನೋ ಕಾಣ್ತಿದೆ. ತುದೀಲಿ ತೂತು ಬೇರೆ ಇದೆ! ಮುಂಚೆ ಎಲ್ಲಾದ್ರೂ ಆಪರೇಷನ್ ಮಾಡಿಸಿ ರಾಡ್ ಹಾಕಿಸ್ಕೊಂಡಿದ್ರಾ? ಉದ್ದ ಎಷ್ಟಿರಬಹುದು ಇದು?”

“ಹದಿನೈದು ಸೆಂಟಿಮೀಟರ್ ಸಾರ್” ಅಂದೆ. “ಅದರ ಮೇಲೇ ಬರ್ದಿರುತ್ತೆ.”

ತನಿಖೆ

ಐದನೇ ವಾರಕ್ಕೆ ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳೋ ಹಾಗಾಗಿತ್ತು. ಆಗ ಉಲ್ಲಾಳದಲ್ಲಿರೋ ನನ್ನ ನಾದಿನಿ ಫೋನಿಗೆ ಒಂದು ವೀಡಿಯೋ ಕಳಿಸಿದಳು. “ಅತ್ತಿಗೆ, ಕೂತ್ಕೊಂಡೇ ಮಾಡೋ ಡ್ಯಾನ್ಸ್ ಇದು. ವಯಸ್ಸಾದವರು, ನಡೆಯೋಕಾಗದವರು ಎಲ್ಲ ಮಾಡ್ತಾರೆ. ನೋಡಿ ಮಾಡಿ.”

ಬಂದ ಸಲಹೆಗಳಲ್ಲಿ ನನ್ನ ಮೈಗೆ ಹಿಡಿಸಿದ್ದು ಅದೊಂದೇ. ವೀಡಿಯೋದಲ್ಲಿ ಒಬ್ಬ ಹೆಂಗಸು ತಮಟೆ ಬಡಿತಕ್ಕೆ “ಕೈ ಮೇಲೆ! ಭುಜ ಕುಣಿಸಿ! ನಗ್ತಾ ನಗ್ತಾ!” ಅಂತ ಕೂಗೋಳು. ಮಂಚದ ಮೇಲೆ ಕೂತು, ಕಾಲು ದಿಂಬಿನ ಮೇಲಿಟ್ಟು, ಬೆಳಿಗ್ಗೆ ಹನ್ನೊಂದಕ್ಕೆ ಮನೆ ಖಾಲಿ ಆದ ಮೇಲೆ ನಾನೂ ಶುರು ಮಾಡ್ತಿದ್ದೆ. ಹದಿನೇಳು ವರ್ಷದ ಓಡಾಟವೆಲ್ಲ ಭುಜದಿಂದ ಆಚೆಗೆ ಬರೋದು.

ನನಗೆ ಗೊತ್ತಿಲ್ಲದ್ದು ಒಂದಿತ್ತು. ಮದುವೆ ಸೀಸನ್‌ನಲ್ಲಿ ಡಿಪೋದಲ್ಲಿ ಸಿಕ್ಕಾಪಟ್ಟೆ ಜನ ಸಿಕ್ ಲೀವ್ ಹಾಕಿದ್ದರಂತೆ. ನಿಜವಾಗಿ ಯಾರಿಗೆ ಹುಷಾರಿಲ್ಲ ನೋಡಿಕೊಂಡು ಬರೋಕೆ ಆಫೀಸಿನಿಂದ ಒಬ್ಬರನ್ನು ಮನೆಮನೆಗೆ ಕಳಿಸ್ತಾ ಇದ್ದರು. ಸುಳ್ಳು ಅಂತ ಅವರು ಬರೆದರೆ ರಜೆ ರದ್ದು, ಮೇಲೆ ನೋಟೀಸು.

ಆವತ್ತು ಎರಡೂ ಕೈ ಮೇಲೆತ್ತಿ, ಭುಜ ಕುಣಿಸ್ತಾ, ನಗ್ತಾ ನಗ್ತಾ ತಿರುಗಿದೆ. ಕಿಟಕಿಯಲ್ಲಿ ಒಂದು ಮುಖ. ಕನ್ನಡಕ, ತೆಳು ಮೀಸೆ, ಕಂಕುಳಲ್ಲಿ ಫೈಲು.

“ಕಾಲು ಮುರಿದಿರೋ ಕಂಡಕ್ಟರ್ ಮನೆ ಇದೇನಾ?”

“ಹೌದು ಸಾರ್.”

“ಅವರು ಎಲ್ಲಿ?”

ಕೈ ಇನ್ನೂ ಮೇಲೇ ಇತ್ತು. “ನಾನೇ ಸಾರ್” ಅಂದೆ.

ಆತ ಫೈಲು ಬಿಚ್ಚಿ ಬರೆಯೋಕೆ ಶುರು ಮಾಡಿದರು. ಕಿಟಕಿಯ ಕಟ್ಟೆ ಎತ್ತರ, ಆಚೆ ನಿಂತವರಿಗೆ ನನ್ನ ಸೊಂಟದಿಂದ ಮೇಲಷ್ಟೇ ಕಾಣೋದು.

“ಸಾರ್, ಬರೀಬೇಡಿ ಸಾರ್! ಕಾಲು ಕೆಳಗಿದೆ!”

“ಎಲ್ಲರ ಕಾಲೂ ಕೆಳಗೇ ಇರೋದು” ಅಂತ ತಲೆಯೆತ್ತದೆ ಬರೆದರು.

ಇನ್ನು ಬಾಯಿಮಾತಿನಲ್ಲಿ ಆಗೋದಲ್ಲ ಅನ್ನಿಸಿತು. ಎರಡೂ ಕೈಯಲ್ಲಿ ಪ್ಲಾಸ್ಟರ್ ಕಾಲನ್ನು ಎತ್ತಿ, ಬೆನ್ನು ಹಿಂದಕ್ಕೆ ಬಾಗಿಸಿ, ದಬ್ ಅಂತ ಕಿಟಕಿ ಕಟ್ಟೆ ಮೇಲಿಟ್ಟೆ. ಸರಿಯಾಗಿ ಅದೇ ಗಳಿಗೆಗೆ ಫೋನಿನೊಳಗಿನ ಹೆಂಗಸು ಕೂಗಿದಳು: “ಸೂಪರ್! ಇನ್ನೂ ಮೇಲೆ! ನಗ್ತಾ ನಗ್ತಾ!”

ಅವರು ಕಾಲು ನೋಡಿದರು, ಇನ್ನೊಂದು ಸಾಲು ಬರೆದರು.

ನನಗೆ ಅಳುವೇ ಬಂತು. ಅದನ್ನು ಕಂಡು ಆಮೇಲೆ ಒಳಗೆ ಬಂದರು. ಪೆನ್ನಿನ ತುದಿಯಿಂದ ಪ್ಲಾಸ್ಟರನ್ನು ಟಕಟಕ ಬಡಿದು, ಕಿವಿಗೊಟ್ಟು ಕೇಳಿದರು. ಎಕ್ಸ್‌ರೇ ನೋಡಿದರು. ಡಾಕ್ಟರ ಚೀಟಿ ಓದಿದರು.

“ಹದಿನೇಳು ವರ್ಷ ನಿಂತ ಕಾಲು ಸಾರ್” ಅಂದೆ. “ಕೂರು ಅಂದ್ರೆ ಕೂರಲ್ಲ ಅನ್ನುತ್ತೆ. ಇದೊಂದು ಮಾಡಿದ್ರೆ ಆ ದಿನ ಹೇಗೋ ಕಳೆಯುತ್ತೆ. ಇಲ್ಲಾಂದ್ರೆ ಹುಚ್ಚು ಹಿಡಿಯುತ್ತೆ. ಬರೆದಿರೋದನ್ನ ಹೊಡೆದು ಹಾಕಿ ಸಾರ್.”

“ಅದು ಆಗಲ್ಲಮ್ಮ. ತನಿಖೆ ವೇಳೆ ಕಣ್ಣಾರೆ ಕಂಡದ್ದನ್ನ ಹೊಡೆದು ಹಾಕೋ ಹಾಗಿಲ್ಲ. ಬೇಕಾದ್ರೆ ಮುಂದಕ್ಕೆ ಸೇರಿಸ್ತೀನಿ” ಅಂತ ಇನ್ನೂ ನಾಲ್ಕು ಸಾಲು ಬರೆದು, ನಾನು ಕೈ ತೋರಿಸಿದ ಕಡೆ ಇದ್ದ ಮಜ್ಜಿಗೆ ತಾವೇ ಬಗ್ಗಿಸಿಕೊಂಡು ಕುಡಿದು, ಬಾಗಿಲವರೆಗೆ ಹೋಗಿ ತಿರುಗಿ ನಿಂತರು. “ಆ ವೀಡಿಯೋ ನಂಗೂ ಕಳಿಸಮ್ಮ. ಕೂತು ಕೂತು ಸೊಂಟ ಹಿಡ್ಕೊಂಡಿದೆ.”

ಉಳಿದ ದಿನಗಳನ್ನು ಹೇಗೆ ಕಳೆದೆ ಅಂತ ನನಗೇ ಗೊತ್ತು. ಜೂನ್‌ನಲ್ಲಿ ಕುಂಟುತ್ತಾ ಡಿಪೋಗೆ ಹೋದರೆ ಎಲ್ಲರೂ ಬಾಯಿಗೆ ಕರ್ಚೀಫು ಇಟ್ಟುಕೊಂಡು ನಗ್ತಾ ಇದ್ದಾರೆ. ಆಫೀಸಿನ ಕ್ಲಾರ್ಕು ನನ್ನ ಫೈಲು ತೆಗೆದು ಮುಂದಿಟ್ಟರು. ರಜೆ ಪೂರ್ತಿ ಮಂಜೂರಾಗಿತ್ತು. ಅದರ ಕೆಳಗೆ ತನಿಖಾ ವರದಿ, ದುಂಡು ಅಕ್ಷರದಲ್ಲಿ:

“ಸದರಿ ನೌಕರರು ಬೆಳಿಗ್ಗೆ ಹನ್ನೊಂದು ಗಂಟೆಗೆ ಸ್ವಗೃಹದಲ್ಲಿ ನರ್ತಿಸುತ್ತಿದ್ದುದು ಕಂಡುಬಂದಿದೆ. ಪ್ರಶ್ನಿಸಲಾಗಿ, ಒಂದು ಕಾಲನ್ನು ಕಿಟಕಿಯ ಎತ್ತರಕ್ಕೆ ಎತ್ತಿ ತೋರಿಸಿರುತ್ತಾರೆ. ಪರಿಶೀಲಿಸಲಾಗಿ, ಸದರಿ ಕಾಲು ಮುರಿದಿರುವುದು ನಿಜ. ಸದರಿ ನೃತ್ಯವೂ ನಿಜ. ಎರಡಕ್ಕೂ ಪರಸ್ಪರ ಸಂಬಂಧ ಕಂಡುಬಂದಿರುವುದಿಲ್ಲ.”